ಒಂದೇ ಅಳತೆಯ ಎರಡು ಕೈಟ್‌ಗಳೊಂದಿಗೆ ರಾಮೇಶ್ವರದಲ್ಲಿ ಒಂದು ದಿನ

12 ಚದರ ಮೀಟರಿನ ಕೈಟ್ ಒಂದನ್ನು ಕೊಳ್ಳಬೇಕೆಂದು ಒಂದು ವರ್ಷದಿಂದ ಯೋಚಿಸುತ್ತಿದ್ದೆ; ಯಾವ ಬಗೆಯದು ಎಂಬುದು ಮಾತ್ರ ತೀರ್ಮಾನವಾಗಿರಲಿಲ್ಲ. ಅಕ್ಕನ ಗಂಡ, ಅಂದರೆ ನನ್ನ ಭಾವ, ಎರಡು ವರ್ಷಗಳಿಂದ ಐದು ಸ್ಟ್ರಟ್‌ಗಳ 12 ಮೀಟರಿನ ಕೈಟ್ ಹಾರಿಸುತ್ತಿದ್ದಾರೆ. ರಾಮೇಶ್ವರದಲ್ಲಿ ನಾವಿಬ್ಬರೂ ಕೈಟ್‌ಸರ್ಫಿಂಗ್ (ದೊಡ್ಡ ಗಾಳಿಪಟದ ಎಳೆತದಿಂದ, ಕಾಲಡಿಯ ಹಲಗೆಯ ಮೇಲೆ ನಿಂತು ನೀರಿನ ಮೇಲೆ ಜಾರುವ ಆಟ) ಕಲಿತ ಶಾಲೆಯವರು ಮೂರು ಸ್ಟ್ರಟ್‌ಗಳ, ಅಷ್ಟೇ ಅಳತೆಯ ಕೈಟ್ ಒಂದನ್ನು ಒಂದು ದಿನದ ಮಟ್ಟಿಗೆ ಕೊಡಲು ಒಪ್ಪಿದ್ದರಿಂದ, ಎರಡನ್ನೂ ಒಂದೇ ನೀರಿನಲ್ಲಿ, ಒಂದೇ ದಿನದ ಗಾಳಿಯಲ್ಲಿ ಹಾರಿಸಿ ನೋಡುವ ಅವಕಾಶ ಒದಗಿತು. ಆಷಾಢದ ಒಂದು ಶನಿವಾರ ಬೆಳಿಗ್ಗೆ ಎಂಟೂವರೆಯಿಂದ ಸಂಜೆ ಐದರವರೆಗೆ, ಊಟದ ಒಂದು ಗಂಟೆಯನ್ನು ಬಿಟ್ಟರೆ ಉಳಿದ ಹೊತ್ತೆಲ್ಲ ನಾವು ಮಾಡಿದ್ದು ಅದನ್ನೇ.

ಸ್ಟ್ರಟ್ ಎಂದರೇನೆಂದು ಹೊಸಬರಿಗೆ ಹೇಳಿಬಿಡುತ್ತೇನೆ. ಈ ಕೈಟ್‌ಗಳ ಮುಂದಿನ ಅಂಚಿನಲ್ಲಿ ಪಂಪಿನಿಂದ ಗಾಳಿ ತುಂಬುವ ದಪ್ಪ ಕೊಳವೆಯೊಂದಿರುತ್ತದೆ; ಅದರಿಂದ ಹಿಂದಿನ ಅಂಚಿನ ಕಡೆಗೆ ಪಕ್ಕೆಲುಬುಗಳಂತೆ ಚಾಚಿಕೊಂಡಿರುವ ಸಣ್ಣ ಕೊಳವೆಗಳೇ ಸ್ಟ್ರಟ್‌ಗಳು. ಬಟ್ಟೆಯ ಬಾಗು ಕೆಡದಂತೆ ಹಿಡಿದಿಡುವುದು ಅವುಗಳ ಕೆಲಸ. ಫ್ರಾನ್ಸಿನ ಬ್ರಿಟನಿ ಪ್ರಾಂತದ ಬ್ರೂನೋ ಮತ್ತು ಡೊಮಿನಿಕ್ ಲೆಗೆನ್ಯೂ ಎಂಬ ಸಹೋದರರು 1984ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ವಿನ್ಯಾಸದ ತಿರುಳು ಈ ಗಾಳಿ ತುಂಬಿದ ಚೌಕಟ್ಟೇ ಆಗಿತ್ತು, ಏಕೆಂದರೆ ನೀರಿಗೆ ಬಿದ್ದ ಕೈಟ್ ಮುಳುಗದೆ ತೇಲಿ ಮತ್ತೆ ಮೇಲೇಳಬೇಕಾದರೆ ಅಂತಹ ಚೌಕಟ್ಟು ಬೇಕೇ ಬೇಕು. ಡುವೋಟೋನ್ ರೆಬೆಲ್, ಕಬ್ರಿನಾ ಸ್ವಿಚ್‌ಬ್ಲೇಡ್, ಕೋರ್ ಎಕ್ಸ್‌ಆರ್ ಮುಂತಾದವು ಐದು ಸ್ಟ್ರಟ್‌ಗಳ ಬಗೆಗೆ ಸೇರಿದವು. ನೈಶ್ ಪಿವಟ್, ಎಫ್‌-ವನ್ ಬ್ಯಾಂಡಿಟ್ ಮೂರು ಸ್ಟ್ರಟ್‌ಗಳವು. ನಾವು ಹಾರಿಸಿದ ಎರಡೂ ಈ ಪಟ್ಟಿಯಲ್ಲಿಲ್ಲ. ಅವುಗಳ ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಒಂದು ದಿನದ ಅನುಭವದಿಂದ ಒಂದು ಕಂಪನಿಯ ಬಗ್ಗೆ ಮಾತನಾಡುವುದು ಸರಿಯಲ್ಲ, ಎರಡು ಬಗೆಯ ವಿನ್ಯಾಸಗಳ ಬಗ್ಗೆಯಾದರೆ ಮಾತನಾಡಬಹುದು.

ಬೆಂಗಳೂರಿನಿಂದ ಸೇಲಂ, ಮಧುರೈ, ರಾಮನಾಥಪುರಗಳ ಮೇಲೆ ರಾಮೇಶ್ವರಕ್ಕೆ ಸುಮಾರು 600 ಕಿಲೋಮೀಟರ್. ಅಷ್ಟು ದೂರ ಆಷಾಢದಲ್ಲೇ ಹೋಗುವುದಕ್ಕೆ ಕಾರಣವಿದೆ. ಆಗುಂಬೆಯಲ್ಲಿ ಜಡಿಮಳೆ ಸುರಿಸುವ ಮುಂಗಾರು ಮಾರುತವೇ ಪಶ್ಚಿಮ ಘಟ್ಟಗಳಲ್ಲಿ ತನ್ನ ನೀರನ್ನು ಕಳೆದುಕೊಂಡು, ಪಾಲಕ್ಕಾಡ್, ಆರಲ್ವಾಯ್‌ಮೊಳಿಯಂತಹ ಕಣಿವೆಗಳಲ್ಲಿ ನುಗ್ಗಿ, ತಮಿಳುನಾಡಿನ ದಕ್ಷಿಣದಲ್ಲಿ ಒಣಗಾಳಿಯಾಗಿ ಬೀಸುತ್ತದೆ. ಮುಪ್ಪಂದಲ್‌ನ ಗಾಳಿಯಂತ್ರಗಳ ಸಾಲುಗಳನ್ನು ತಿರುಗಿಸುವುದೂ ಇದೇ ಗಾಳಿ. ಭಾವನ ಊರು ಉಡುಪಿಯ ಕಡೆ. ಅಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳೇ ಕಡಲಿಗಿಳಿಯುವುದಿಲ್ಲ, ಇನ್ನು ಕೈಟ್ ಹಾರಿಸುವ ಮಾತೆಲ್ಲಿ? ರಾಮೇಶ್ವರಕ್ಕಾದರೋ ಮಳೆ ಮುಖ್ಯವಾಗಿ ಬರುವುದು ಹಿಂಗಾರಿನಲ್ಲಿ. ಆಷಾಢದಲ್ಲಿ ಅಲ್ಲಿ ಬಿಸಿಲೂ ಇರುತ್ತದೆ, ದಿನವಿಡೀ ನೈಋತ್ಯದ ಗಾಳಿಯೂ ಇರುತ್ತದೆ. ದ್ವೀಪದ ದಕ್ಷಿಣಕ್ಕೆ ಮನ್ನಾರ್ ಕೊಲ್ಲಿ, ಉತ್ತರಕ್ಕೆ ಪಾಕ್ ಕೊಲ್ಲಿ. 1964ರ ಡಿಸೆಂಬರಿನ ಚಂಡಮಾರುತ ಅಳಿಸಿಹಾಕಿದ ಧನುಷ್ಕೋಡಿಯ ಕಡೆಗೆ ಹೋದಂತೆಲ್ಲ ನಡುವಿನ ನೆಲ ಕಿರಿದಾಗುತ್ತ, ಕೊನೆಗೆ ಬರಿಯ ಮರಳಿನ ಪಟ್ಟಿಯಾಗುತ್ತದೆ. ಗಾಳಿಯನ್ನು ಒಡೆಯುವ ಗುಡ್ಡವಾಗಲಿ ಕಟ್ಟಡವಾಗಲಿ ಇಲ್ಲದಿರುವುದರಿಂದ ಅದು ಮನ್ನಾರ್ ಕೊಲ್ಲಿಯಿಂದ ಆ ಪಟ್ಟಿಯ ಮೇಲೆ ಹಾದು, ಇನ್ನೊಂದು ಬದಿಯ ಆಳವಿಲ್ಲದ ನೀರಿನ ಮೇಲೆ ಏರಿಳಿತ ಹೆಚ್ಚಿಲ್ಲದೆ ಬೀಸುತ್ತದೆ. ಎರಡು ಕೈಟ್‌ಗಳನ್ನು ಹೋಲಿಸಬೇಕಾದವರಿಗೆ ಇದಕ್ಕಿಂತ ಒಳ್ಳೆಯ ಜಾಗ ನಮ್ಮ ಕಡೆಯಿಂದ ಒಂದು ರಾತ್ರಿಯ ಪ್ರಯಾಣದಲ್ಲಿ ಸಿಗುವುದಿಲ್ಲ ಎಂದು ನನ್ನ ನಂಬಿಕೆ. ಆದರೆ ಗಾಳಿ ನೆಲದಿಂದ ನೀರಿನ ಕಡೆಗೆ ಬೀಸುವುದರಿಂದ, ಬಿದ್ದವರನ್ನು ಕರೆತರಲು ದೋಣಿಯೊಂದು ಸಿದ್ಧವಾಗಿರದೆ ಅಲ್ಲಿ ಯಾರೂ ನೀರಿಗಿಳಿಯಬಾರದು. ಅಂದು ನಮಗಾಗಿ ದೋಣಿ ನಿಂತಿತ್ತು.

ಹೋಲಿಕೆ ನ್ಯಾಯವಾಗಿರಲಿ ಎಂದು ಕೆಲವು ನಿಯಮಗಳನ್ನು ಮಾಡಿಕೊಂಡೆವು. ಎರಡೂ ಕೈಟ್‌ಗಳಿಗೆ ಭಾವನ ಒಂದೇ ಬಾರ್ (ದಾರಗಳ ತುದಿಗಿರುವ, ಕೈಯಲ್ಲಿ ಹಿಡಿಯುವ ಅಡ್ಡಪಟ್ಟಿ; ಹತ್ತಿರ ಎಳೆದರೆ ಕೈಟ್‌ನ ಎಳೆತ ಹೆಚ್ಚುತ್ತದೆ, ದೂರ ತಳ್ಳಿದರೆ ಇಳಿಯುತ್ತದೆ), ಅದೇ 22 ಮೀಟರಿನ ದಾರಗಳು. ನನಗೆ 138 ಸೆಂಟಿಮೀಟರಿನ ಒಂದೇ ಬೋರ್ಡ್. ನಲವತ್ತು ನಿಮಿಷಕ್ಕೊಮ್ಮೆ ಕೈಟ್ ಬದಲಾಯಿಸುವುದು, ಬದಲಾಯಿಸುವ ಮೊದಲು ಕೈಯಲ್ಲಿ ಹಿಡಿಯುವ ಮಾಪಕದಿಂದ ಗಾಳಿಯ ವೇಗ ನೋಡಿ ಬರೆದಿಡುವುದು, ಒಬ್ಬರ ಅಭಿಪ್ರಾಯವನ್ನು ಊಟದ ಹೊತ್ತಿನವರೆಗೆ ಇನ್ನೊಬ್ಬರಿಗೆ ಹೇಳದಿರುವುದು. ಹೀಗಿದ್ದರೂ ಎರಡು ವಿಷಯಗಳಲ್ಲಿ ಹೋಲಿಕೆ ಸಮವಾಗಿರಲಿಲ್ಲ. ಭಾವನ ಕೈಟ್ ಎರಡು ವರ್ಷದ ಬಿಸಿಲು, ಉಪ್ಪು ಕಂಡದ್ದು. ಅದರ ಬಟ್ಟೆ ಮುಟ್ಟಿದರೆ ಮೆತ್ತಗಾಗಿರುವುದು ತಿಳಿಯುತ್ತದೆ. ಶಾಲೆಯ ಕೈಟ್ ಇಪ್ಪತ್ತು ದಿನವೂ ಹಾರಿರಲಿಲ್ಲ, ಬಟ್ಟೆ ಇನ್ನೂ ಗರಿಗರಿಯಾಗಿತ್ತು. ಎರಡನೆಯದಾಗಿ, 12 ಚದರ ಮೀಟರ್ ಎನ್ನುವುದು ನೆಲದ ಮೇಲೆ ಹರಡಿದ ಬಟ್ಟೆಯ ಲೆಕ್ಕ. ಗಾಳಿಯಲ್ಲಿ ಬಿಲ್ಲಿನಂತೆ ಬಾಗಿ ನಿಂತಾಗ ಕೆಳಗಿನವನಿಗೆ ಕಾಣುವ ವಿಸ್ತಾರ ಅದಕ್ಕಿಂತ ಕಡಿಮೆ, ಮತ್ತು ಎಷ್ಟು ಕಡಿಮೆ ಎಂಬುದು ಬಾಗಿನ ಮೇಲೆ ನಿಂತಿದೆ. ತಕ್ಕಡಿಗೆ ತೂಗಿ ನೋಡಿದಾಗ ಐದು ಸ್ಟ್ರಟ್‌ನದು 3.6 ಕಿಲೋ, ಮೂರರದು 3.1 ಕಿಲೋ ತೂಗಿತು. ಅರ್ಧ ಕಿಲೋ ಎಂದರೆ ಕೈಯಲ್ಲಿ ಏನೂ ಅಲ್ಲ, ಮಂದ ಗಾಳಿಯಲ್ಲಿ ಮಾತ್ರ ಬಹಳ.

ಬೆಳಿಗ್ಗೆ ಮಾಪಕ 14 ನಾಟ್ ತೋರಿಸಿತು, ಅಂದರೆ ಗಂಟೆಗೆ ಸುಮಾರು 26 ಕಿಲೋಮೀಟರ್. ನಡುನಡುವೆ 12ಕ್ಕೆ ಇಳಿಯುತ್ತಿತ್ತು. ನನ್ನ ತೂಕ 68 ಕಿಲೋ, ಆದ್ದರಿಂದ 12 ಮೀಟರಿನ ಕೈಟ್‌ಗೆ ಇದು ಸಾಕಾಗುವ ಗಾಳಿಯಾಗಿತ್ತು. ಮೊದಲು ಐದು ಸ್ಟ್ರಟ್‌ನದನ್ನು ಹಿಡಿದೆ. ಗಾಳಿ ಕುಗ್ಗದೆ ಇದ್ದಷ್ಟು ಹೊತ್ತು ಅದು ನಿಧಾನವಾಗಿ, ಒಂದೇ ಸಮನಾಗಿ ಎಳೆಯಿತು. ಗಾಳಿ ಕುಗ್ಗಿದಾಗಲೆಲ್ಲ ಅದನ್ನು ಮೇಲೆ ಕೆಳಗೆ ಆಡಿಸುತ್ತ ಕಸುವು ಹುಟ್ಟಿಸಬೇಕಾಗುತ್ತಿತ್ತು, ಹಾಗೆ ಆಡಿಸುವಾಗ ಅದು ತಿರುಗಲು ತೆಗೆದುಕೊಳ್ಳುತ್ತಿದ್ದ ಸಮಯ ನನ್ನ ತಾಳ್ಮೆಯನ್ನು ಪರೀಕ್ಷಿಸಿತು. ನಂತರ ಮೂರು ಸ್ಟ್ರಟ್‌ನದು. ಹಗುರವಾದ ಈ ಕೈಟ್ ಇಂತಹ ಗಾಳಿಯಲ್ಲಿ ಹಕ್ಕಿಯಂತೆ ಹಾರಬೇಕೆಂದು ಓದಿದ್ದೆ, ಕೇಳಿದ್ದೆ. ಆದದ್ದು ಬೇರೆ. ಬಾರ್ ಅನ್ನು ಹತ್ತಿರಕ್ಕೆ ಎಳೆದರೆ ಸಾಕು, ಅದು ಮುಂದೆ ಹಾರುವ ಬದಲು ನಿಂತಲ್ಲೇ ನಿಂತು, ಹಿಂದಕ್ಕೆ ಜಾರಿ, ಎರಡು ಸಲ ಹಿಂದುಮುಂದಾಗಿ ನೀರಿಗೆ ಬಿತ್ತು. ಬಾರ್ ಬಿಟ್ಟರೆ ಮೇಲೇರುತ್ತಿತ್ತು, ಎಳೆತ ಇರುತ್ತಿರಲಿಲ್ಲ. ನಲವತ್ತು ನಿಮಿಷ ಮುಗಿಯುವ ಮೊದಲೇ ದಡಕ್ಕೆ ಬಂದು, ಪುಸ್ತಕದಲ್ಲಿ "ಮೂರು ಬೇಡ" ಎಂದು ಬರೆದಿಟ್ಟೆ.

ಆ ಎರಡು ಪದಗಳನ್ನು ಬರೆದು ಅಲ್ಲಿಗೇ ನಿಲ್ಲಿಸಿದ್ದರೆ ನಾನು ತಪ್ಪು ಕೈಟ್ ಕೊಂಡುಬಿಡುತ್ತಿದ್ದೆ.

ಭಾವ ನಿಯಮ ಮುರಿದು ಮಾತನಾಡಿದ್ದು ಆಗ. ದಡದಲ್ಲಿ ಕುಳಿತು ನೋಡುತ್ತಿದ್ದ ಅವರು, "ಅದರ ಹಿಂದಿನ ಅಂಚು ಸೆಟೆದುಕೊಂಡಿತ್ತು ಮಾರಾಯ, ಕೈಟ್‌ನದ್ದಲ್ಲ ತಪ್ಪು, ದಾರದ್ದು" ಎಂದರು. ನಾನು ತುಮಕೂರಿನ ಕಡೆಯವನು. ದೊಡ್ಡಬಳ್ಳಾಪುರದಂತೆ ನಮ್ಮಲ್ಲೂ ಆಷಾಢ ಎಂದರೆ ಗಾಳಿಪಟದ ತಿಂಗಳು. ಬಿದಿರು ಕಡ್ಡಿ, ಬಣ್ಣದ ಕಾಗದ, ಬಾಲಂಗೋಚಿ ಎಲ್ಲ ಸರಿಯಿದ್ದರೂ ಸೂತ್ರದ ಗಂಟು ಒಂದು ಬೆರಳಿನಷ್ಟು ಮೇಲೆ ಅಥವಾ ಕೆಳಗೆ ಬಿದ್ದರೆ ಪಟ ಲಾಗ ಹಾಕುತ್ತದೆ ಎಂಬುದನ್ನು ಎಂಟನೆಯ ವಯಸ್ಸಿನಲ್ಲೇ ತಿಳಿದಿದ್ದ ನನಗೆ, ಈ ದೊಡ್ಡ ಪಟಕ್ಕೂ ಸೂತ್ರವಿದೆ ಎಂಬುದು ಆ ಕ್ಷಣದಲ್ಲಿ ಹೊಳೆಯದೇ ಹೋದದ್ದು ಇಂದಿಗೂ ಬೇಸರ ತರುತ್ತದೆ.

ದಾರಗಳನ್ನು ಬಿಚ್ಚಿ, ನಾಲ್ಕರ ತುದಿಗಳನ್ನೂ ಒಂದು ಕಂಬಕ್ಕೆ ಸಿಕ್ಕಿಸಿ, ಬಾರ್ ಅನ್ನು ಸಮನಾಗಿ ಎಳೆದು ನೋಡಿದೆವು. ಮುಂದಿನ ಎರಡು ದಾರಗಳು ಹಿಂದಿನವುಗಳಿಗಿಂತ 4 ಸೆಂಟಿಮೀಟರಿನಷ್ಟು ಉದ್ದವಾಗಿದ್ದವು. ಸವಾರನ ತೂಕದ ಹೆಚ್ಚು ಪಾಲನ್ನು ಹಾರ್ನೆಸ್ (ಸೊಂಟಕ್ಕೆ ಕಟ್ಟುವ ಪಟ್ಟಿ) ಮೂಲಕ ಹೊರುವುದು ಮುಂದಿನ ದಾರಗಳು. ಕಾಲ ಕಳೆದಂತೆ ಅವೇ ಹೆಚ್ಚು ಹಿಗ್ಗುತ್ತವೆ. ಆಗ ಹಿಂದಿನ ದಾರಗಳು ಮೋಟಾದಂತಾಗಿ, ಕೈಟ್‌ನ ಹಿಂದಿನ ಅಂಚನ್ನು ಸದಾ ಕೆಳಕ್ಕೆ ಜಗ್ಗುತ್ತಿರುತ್ತವೆ. ಗಾಳಿ ಬಟ್ಟೆಯ ಮೇಲೆ ನುಣುಪಾಗಿ ಹರಿಯದೆ ಕಿತ್ತುಹೋಗುತ್ತದೆ, ಕೈಟ್ ಹಿಂದಕ್ಕೆ ಬೀಳುತ್ತದೆ. ಭಾವನ ಸ್ವಂತ ಕೈಟ್‌ನಲ್ಲಿ ಇದು ಗೊತ್ತಾಗದಿದ್ದುದಕ್ಕೆ ಕಾರಣ, ಅವರು ಯಾವಾಗಲೋ ಅದರ ಹಿಂದಿನ ಜೋಡಣೆಯನ್ನು ಹೊರಗಿನ ಗಂಟಿಗೆ ಬದಲಾಯಿಸಿಕೊಂಡು ಅದನ್ನು ಮರೆತಿದ್ದರು. ಶಾಲೆಯ ಕೈಟ್‌ನ ರೆಕ್ಕೆಯ ತುದಿಗಳಲ್ಲೂ ಅಂತಹ ಮೂರು ಗಂಟುಗಳಿದ್ದವು, ನಾನು ಒಳಗಿನದಕ್ಕೆ ಸಿಕ್ಕಿಸಿದ್ದೆ. ಕೈಟ್‌ನಿಂದ ದೂರದ ಗಂಟಿಗೆ ಸಿಕ್ಕಿಸಿದರೆ ಹಿಂದಿನ ದಾರ ಅಷ್ಟರಮಟ್ಟಿಗೆ ಉದ್ದವಾಗುತ್ತದೆ. ಹಾಗೆ ಮಾಡಿ ಮತ್ತೆ ಹಾರಿಸಿದಾಗ ಕೈಯಲ್ಲಿದ್ದದ್ದು ಅದೇ ಕೈಟ್ ಎಂದು ನಂಬುವುದು ಕಷ್ಟವಾಯಿತು. ಬೆಳಗಿನ ಟಿಪ್ಪಣಿಯನ್ನು ಹೊಡೆದುಹಾಕಿ, ಎರಡನ್ನೂ ಮೊದಲಿನಿಂದ ಪರೀಕ್ಷಿಸಿದೆವು.

ಸೂತ್ರ ಸರಿಹೋದ ಮೇಲೆ ಮಂದ ಗಾಳಿಯಲ್ಲಿ ಮೂರು ಸ್ಟ್ರಟ್‌ನದು ಸ್ಪಷ್ಟವಾಗಿ ಮೇಲುಗೈ ಪಡೆಯಿತು. ಹತ್ತೂವರೆಗೆ ಗಾಳಿ ಕೆಲ ನಿಮಿಷ 11 ನಾಟ್‌ಗೆ ಇಳಿದಾಗ ಐದು ಸ್ಟ್ರಟ್‌ನದು ಜೋಲು ಬಿದ್ದು, ದಾರಗಳೆಲ್ಲ ಸಡಿಲಾಗಿ, ಭಾವನ ಕೈಯಿಂದ ನೀರಿಗಿಳಿಯಿತು. ಅದೇ ಗಾಳಿಯಲ್ಲಿ ಸ್ವಲ್ಪ ಹೊತ್ತಿನ ನಂತರ ಮೂರರದು ನನ್ನ ತಲೆಯ ಮೇಲೆ ಸುಮ್ಮನೆ ನಿಂತಿತ್ತು. ಎಳೆತ ಇರಲಿಲ್ಲ, ಬೀಳಲೂ ಇಲ್ಲ. ನಾನು ಅದನ್ನು ಬೇಕೆಂದೇ ನೀರಿಗೆ ಬೀಳಿಸಿ ಮತ್ತೆ ಎಬ್ಬಿಸಿಯೂ ನೋಡಿದೆ: ಒಂದು ಬದಿಯ ಹಿಂದಿನ ದಾರವನ್ನು ಕೈಯಲ್ಲಿ ಹಿಡಿದು ಎಳೆದರೆ ಆ ಬದಿಯ ರೆಕ್ಕೆ ನೀರಿನಿಂದ ಎದ್ದು, ಕೈಟ್ ಮಗ್ಗುಲಾಗಿ ಗಾಳಿಯ ಅಂಚಿನವರೆಗೆ (ಅಂದರೆ ಕೈಟ್ ಹಾರಬಲ್ಲ ವಲಯದ ಅಂಚಿನವರೆಗೆ) ತೆವಳಿ, ಅಲ್ಲಿಂದ ಮೇಲೇರುತ್ತದೆ. 12 ನಾಟ್‌ನಲ್ಲಿ ಅದಕ್ಕೆ ಅರ್ಧ ನಿಮಿಷವೂ ಬೇಕಾಗಲಿಲ್ಲ. ಐದರದು ಅಂಚಿನವರೆಗೆ ತೆವಳಿತು, ಮೇಲೇರಲು ಮಾತ್ರ ಗಾಳಿ ಮತ್ತೆ ಹೆಚ್ಚುವವರೆಗೆ ಕಾಯಬೇಕಾಯಿತು. ಈಜು ಬಲ್ಲವರಿಗೂ ಸುತ್ತ ಮೀನುಗಾರರ ಬಲೆಯ ಗೂಟಗಳಿರುವ ನೀರಿನಲ್ಲಿ ಹಾಗೆ ಕಾಯುವುದು ಹಿತವಾದ ಅನುಭವವಲ್ಲ. ನನ್ನ ಮಟ್ಟಿಗೆ ಇಡೀ ದಿನದ ಅತ್ಯಂತ ಮುಖ್ಯವಾದ ವ್ಯತ್ಯಾಸ ಇದು. ಒಳ್ಳೆಯ ಗಾಳಿಯಲ್ಲಿ ಎಲ್ಲ ಕೈಟ್‌ಗಳೂ ಚೆನ್ನಾಗಿಯೇ ಹಾರುತ್ತವೆ. ಗಾಳಿ ಕೈಕೊಟ್ಟಾಗ ಯಾವುದು ನಮ್ಮನ್ನು ದಡಕ್ಕೆ ತಲುಪಿಸುತ್ತದೆ ಎಂಬುದನ್ನು ಕೊಳ್ಳುವವರು ಮೊದಲು ಕೇಳಬೇಕು.

ಗಾಳಿಗೆ ಎದುರಾಗಿ ಓರೆಯಲ್ಲಿ ಏರುವ ವಿಷಯದಲ್ಲಿ ಫಲಿತಾಂಶ ಗಾಳಿಯ ಬಲವನ್ನು ಅನುಸರಿಸಿ ಬದಲಾಯಿತು. ಒಂದು ಗೂಟದಿಂದ ಹೊರಟು, ಆಚೆಯ ಮರಳು ದಿಬ್ಬ ಮುಟ್ಟಿ ಹಿಂದಿರುಗಿ, ಹೊರಟ ಗೂಟಕ್ಕಿಂತ ಎಷ್ಟು ಮೇಲಕ್ಕೆ, ಅಂದರೆ ಗಾಳಿ ಬರುವ ಕಡೆಗೆ, ಬಂದೆವೆಂದು ನೋಡುತ್ತಿದ್ದೆವು. 14 ನಾಟ್‌ವರೆಗೆ ಎರಡರಲ್ಲೂ ಹೆಚ್ಚು ಕಡಿಮೆ ಒಂದೇ ಜಾಗಕ್ಕೆ ಬಂದೆವು. ಹನ್ನೊಂದೂವರೆಗೆ ಗಾಳಿ 17 ಆದಾಗ ಐದು ಸ್ಟ್ರಟ್‌ನದು ಪ್ರತಿ ಸುತ್ತಿನಲ್ಲೂ ಒಂದೆರಡು ದೋಣಿಯುದ್ದ ಹೆಚ್ಚು ಏರಿಸಿತು. ಅದು ಉದ್ದನೆಯ, ಕಿರಿದಾದ ರೆಕ್ಕೆ. ಅಂತಹ ರೆಕ್ಕೆಯ ತುದಿಗಳಲ್ಲಿ ಸುಳಿಗಾಳಿಯಿಂದಾಗುವ ನಷ್ಟ ಕಡಿಮೆ, ಹಾಗಾಗಿ ಕೈಟ್ ಗಾಳಿಯ ಅಂಚಿಗೆ ಇನ್ನಷ್ಟು ಮುಂದೆ ಹೋಗಿ ನಿಲ್ಲುತ್ತದೆ. ಹದ್ದಿನ ರೆಕ್ಕೆಗೂ ಗುಬ್ಬಿಯ ರೆಕ್ಕೆಗೂ ಇರುವ ಅಂತರ ಇದೇ. ತಿರುಗುವುದರಲ್ಲಿ ಗುಬ್ಬಿಯೇ ಚುರುಕು ಎಂಬುದೂ ಅಷ್ಟೇ ನಿಜ.

ಊಟದ ನಂತರ ಗಾಳಿ 20 ನಾಟ್ ಆಯಿತು. ಸಂಖ್ಯೆ ನೋಡಿದರೆ 14ರಿಂದ 20 ಹೆಚ್ಚೇನೂ ಅನ್ನಿಸುವುದಿಲ್ಲ. ಆದರೆ ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 14ರ ವರ್ಗ 196, 20ರ ವರ್ಗ 400. ಅಂದರೆ ಬೆಳಿಗ್ಗೆ ಎಳೆದದ್ದಕ್ಕಿಂತ ಎರಡು ಪಟ್ಟು ಎಳೆತ. ಈಗ ಮೂರು ಸ್ಟ್ರಟ್‌ನದರ ದೌರ್ಬಲ್ಯ ಕಾಣಿಸಿತು. ಸ್ಟ್ರಟ್‌ಗಳ ನಡುವಿನ ಅಗಲವಾದ ಬಟ್ಟೆ ಗಾಳಿಗೆ ಉಬ್ಬಿ, ಹಿಂದಿನ ಅಂಚು ಪಟಪಟನೆ ಬಡಿದುಕೊಳ್ಳತೊಡಗಿತು. ಗಾಳಿ ಒಮ್ಮೆಲೇ ಹೆಚ್ಚಿದಾಗ ಎಳೆತದ ನಡುಬಿಂದು ಹಿಂದಕ್ಕೆ ಸರಿದಂತಾಗಿ ಬಾರ್ ಭಾರವಾಗುತ್ತಿತ್ತು, ಬಾರ್ ಅನ್ನು ಪೂರ್ತಿ ದೂರ ತಳ್ಳಿದರೂ ಉಳಿಯುತ್ತಿದ್ದ ಎಳೆತ ನನ್ನ ತೂಕಕ್ಕೆ ಹೆಚ್ಚಾಗಿತ್ತು. ಇಪ್ಪತ್ತು ನಿಮಿಷದಲ್ಲಿ ತೋಳು ಸೋತವು. ಐದು ಸ್ಟ್ರಟ್‌ನದು ಅದೇ ಗಾಳಿಯಲ್ಲಿ ಸದ್ದಿಲ್ಲದೆ ನಿಂತಿತ್ತು. ಹಳೆಯ ಬಟ್ಟೆಯಾದರೂ ಅದರ ಬಾಗು ಕದಲಲಿಲ್ಲ. ಬಾರ್ ದೂರ ತಳ್ಳಿದರೆ ಎಳೆತ ತಕ್ಷಣ ಇಳಿಯುತ್ತಿತ್ತು. 86 ಕಿಲೋ ತೂಗುವ ಭಾವ ಅದರಲ್ಲಿ ಜಿಗಿದದ್ದನ್ನು ದೋಣಿಯಲ್ಲಿ ಕುಳಿತು ನೋಡಿದೆ. ಕೈಟ್ ನಿಧಾನವಾಗಿ ತಲೆಯ ಮೇಲೆ ಬಂತು, ಅವರು ಬೋರ್ಡ್‌ನ ಅಂಚಿನ ಮೇಲೆ ಪೂರ್ತಿ ಒರಗಿ ತಡೆದು ನಿಂತು, ಬಳಿಕ ಅಂಚನ್ನು ಬಿಟ್ಟರು, ಮೇಲೆ ಹೋದವರು ಅಲ್ಲೇ ತೂಗಾಡಿ, ಮೆಟ್ಟಿಲಿಳಿದಂತೆ ಇಳಿದರು. ಮೂರರದರಲ್ಲಿ ಅವರು ಅದೇ ಕ್ರಮದಲ್ಲಿ ಜಿಗಿದಾಗ ಕೈಟ್ ಅವರ ಎಣಿಕೆಗಿಂತ ಬೇಗ ತಲೆಯನ್ನು ದಾಟಿ ಹೋಗಿ, ತೊಟ್ಟಿಲಿನಂತೆ ತೂಗಿ ಬೆನ್ನ ಮೇಲೆ ಬೀಳಿಸಿತು. ನೀರಿನ ಆಳ ಸೊಂಟದವರೆಗೆ ಇದ್ದುದರಿಂದ ಪೆಟ್ಟಾಗಲಿಲ್ಲ.

ದಡಕ್ಕೆ ಬಂದು ಅವರು ಹೇಳಿದ್ದು: "ಐದರದ್ದು ಕಂಬಳದ ಕೋಣದ ಹಾಗೆ. ಓಡುವುದು ಗೊತ್ತು, ಹಗ್ಗ ಹಿಡಿದವನಿಗೆ ದಾರಿಯೂ ಗೊತ್ತು. ಮೂರರದ್ದು ಎಲ್ಲಿಗೆ ತಿರುಗುತ್ತದೆ ಅಂತ ನಂಗೆ ತಿಳಿಯಲಿಲ್ಲ." "ಭಾವ, ಬೆಳಿಗ್ಗೆ ಹನ್ನೊಂದು ನಾಟ್‌ನಲ್ಲಿ ನಿಮ್ಮ ಕೋಣ ಕೆಸರಲ್ಲಿ ಕೂತಿತ್ತಲ್ಲ" ಎಂದೆ. ಅವರು ಅದನ್ನು ಒಪ್ಪಿದರು, ಆದರೆ 11 ನಾಟ್‌ನಲ್ಲಿ ತಾನು ನೀರಿಗಿಳಿಯುವುದೇ ಇಲ್ಲ ಎಂದರು. ಅವರ ಮಾತಿನಲ್ಲಿ ನನ್ನ ಪ್ರಶ್ನೆಗೆ ಉತ್ತರವಿತ್ತು. ಅವರ ತೂಕಕ್ಕೆ 12 ಮೀಟರ್ ಎಂದರೆ 18ರಿಂದ 22 ನಾಟ್‌ನ ಕೈಟ್, ರಾಮೇಶ್ವರದ ಪ್ರತಿ ಮಧ್ಯಾಹ್ನದ ಕೈಟ್. ಅಂತಹ ಗಾಳಿಯಲ್ಲಿ ಬಾಗು ಕೆಡದಿರುವುದೇ ಮುಖ್ಯ. ನನಗಾದರೆ 12 ಮೀಟರ್ ಬೆಳಗಿನ ಕೈಟ್, 12ರಿಂದ 16 ನಾಟ್‌ನದು. 20 ನಾಟ್ ಬಂದರೆ ನಾನು ಹಿಡಿಯಬೇಕಾದದ್ದು 9 ಮೀಟರ್. ಹಾಗಿರುವಾಗ 12ರ ಕೈಟ್ 20 ನಾಟ್‌ನಲ್ಲಿ ಬಡಿದುಕೊಳ್ಳುತ್ತದೆ ಎಂಬ ದೂರನ್ನು ಅದರ ಮೇಲೆ ಹೊರಿಸುವುದು ನ್ಯಾಯವಲ್ಲ. ಅಂತರ್ಜಾಲದಲ್ಲಿ ಓದುವ ಎಷ್ಟೋ ವಿಮರ್ಶೆಗಳಲ್ಲಿ ಬರೆದವರ ತೂಕವೇ ಇರುವುದಿಲ್ಲ. ತೂಕ, ಗಾಳಿಯ ವೇಗ, ದಾರದ ಉದ್ದ ಈ ಮೂರನ್ನು ಹೇಳದೆ ಒಂದು ಕೈಟ್‌ಗೆ ಕಸುವಿದೆ ಅಥವಾ ಇಲ್ಲ ಎಂದು ಬರೆಯುವುದರಿಂದ ಓದುವವರಿಗೆ ತೊಂದರೆಯೇ ಹೆಚ್ಚು.

ಅಪಾಯದ ಹೊತ್ತಿನಲ್ಲಿ ಕೈಟ್‌ನ ಎಳೆತವನ್ನು ಕಳಚಿಬಿಡುವ ಸುರಕ್ಷತೆಯ ಬಿಡುಗಡೆ ಕೊಂಡಿಯನ್ನೂ ಮಧ್ಯಾಹ್ನದ ಗಾಳಿಯಲ್ಲಿ ಎರಡೂ ಕೈಟ್‌ಗಳೊಂದಿಗೆ ಒಂದೊಂದು ಸಲ ಎಳೆದು ನೋಡಿದೆ. ಈ ಕೊಂಡಿಗಳಿಗೆ 2020ರಿಂದ ಐಎಸ್‌ಒ 21853 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಎರಡೂ ಕೈಟ್‌ಗಳು ಒಂದು ಮುಂದಿನ ದಾರಕ್ಕೆ ಜೋತುಬಿದ್ದು ಪೂರ್ತಿ ಸತ್ತವು. ಈ ವಿಷಯದಲ್ಲಿ ಹೋಲಿಸಲು ಏನೂ ಇರಲಿಲ್ಲ.

ಮೂರು ಸ್ಟ್ರಟ್‌ನ 12 ಮೀಟರಿನದನ್ನು ಕೊಳ್ಳುವುದು, ಮುಂದೆ ಹಣ ಕೂಡಿದಾಗ 9 ಮೀಟರಿನದನ್ನು ಐದು ಸ್ಟ್ರಟ್‌ನಲ್ಲಿ ಕೊಳ್ಳುವುದು ಎಂದು ಸಂಜೆ ತೀರ್ಮಾನಿಸಿದೆ. ಶಾಲೆಯವರು ಪ್ರಯೋಗಕ್ಕೆ ಕೊಟ್ಟ ಕೈಟ್ ಅನ್ನೇ ಋತುವಿನ ಕೊನೆಯಲ್ಲಿ ಮಾರುವುದಾಗಿ ಹೇಳಿದ್ದಾರೆ. ಸಿಹಿನೀರಿನಲ್ಲಿ ತೊಳೆದು ಒಣಗಿಸುವಾಗ ಅದರ ಮುಂದಿನ ಕೊಳವೆಯ ಹೊದಿಕೆಯಲ್ಲಿ ಬಳ್ಳಾರಿ ಜಾಲಿಯ ಮುಳ್ಳೊಂದು ಚುಚ್ಚಿಕೊಂಡಿರುವುದು ಕಂಡಿತು. ಆ ಕಡೆಯ ನೆಲದಲ್ಲೆಲ್ಲ ಜಾಲಿಯೇ. ಮುಳ್ಳು ಒಳಗಿನ ಬ್ಲ್ಯಾಡರ್‌ವರೆಗೆ (ಗಾಳಿ ಹಿಡಿದಿಡುವ ಒಳಚೀಲದವರೆಗೆ) ಹೋಗಿರಲಿಲ್ಲ. ರಾತ್ರಿಯಿಡೀ ಗಾಳಿ ತುಂಬಿಯೇ ಇಟ್ಟು, ಬೆಳಿಗ್ಗೆ ಒತ್ತಿ ನೋಡಿದಾಗ ಕೊಳವೆ ಗಟ್ಟಿಯಾಗಿಯೇ ಇತ್ತು. ಅಷ್ಟು ಹೊತ್ತಿಗೆ ಭಾವ ಬಾರ್‌ನ ಹಿಂದಿನ ದಾರಗಳ ಬುಡವನ್ನು 4 ಸೆಂಟಿಮೀಟರ್ ಉದ್ದ ಮಾಡಿ, ನಾಲ್ಕೂ ಸಮನಾಗುವಂತೆ ಗಂಟು ಹಾಕಿದ್ದರು. ಹೊರಡುವ ಮೊದಲು ಮೂರು ಸ್ಟ್ರಟ್‌ನದನ್ನು ಮಧ್ಯದ ಗಂಟಿಗೆ ಸಿಕ್ಕಿಸಿ, ಏಳು ಗಂಟೆಯ 12 ನಾಟ್‌ನಲ್ಲಿ ಇನ್ನೊಂದು ಇಪ್ಪತ್ತು ನಿಮಿಷ ಹಾರಿಸಿದೆ. ಬಾರ್ ಅನ್ನು ಎದೆಯವರೆಗೆ ಎಳೆದರೂ ಅದು ಹಿಂದಕ್ಕೆ ಜಾರಲಿಲ್ಲ.